ಸಾಗರಬಾಲಾ ಸ್ಪಂಜು ತಯಾರಕರ ಸನ್ನಿಧಿಗೆ, ನಮ್ಮ ಮನೆಯ ಮುಸುರೆ ಪಾತ್ರೆಗಳ ಪರವಾಗಿ

ಅರಸೀಕೆರೆ
೨೩ನೇ ಏಪ್ರಿಲ್ ೧೯೬೧

ಮಾನ್ಯ ವ್ಯವಸ್ಥಾಪಕರು,
ಸಾಗರಬಾಲಾ ಸ್ಪಂಜು ತಯಾರಕರು,
ಬೊಂಬಾಯಿ.

ಮಾನ್ಯರೇ,

ಅರಸೀಕೆರೆಯ ಮಿಡ್ಲ್ ಸ್ಕೂಲಿನಲ್ಲಿ ಹದಿನಾರು ವರ್ಷಗಳಿಂದ ವಿಜ್ಞಾನ ಬೋಧಿಸುತ್ತಿರುವ ವರದರಾಜನೆಂಬ ನಾನು ತಮಗೂ, ತಮ್ಮ ಘನವಾದ ಕಾರ್ಖಾನೆಗೂ, ಆ ಕಾರ್ಖಾನೆಯ ಪೊಟ್ಟಣದ ಮೇಲೆ ಶಂಖದೊಳಗೆ ಕುಳಿತು ಕೈಯಲ್ಲಿ ಸ್ಪಂಜು ಹಿಡಿದು ನಗುತ್ತಿರುವ ಬಾಲಿಕೆಗೂ ಅನಂತ ನಮಸ್ಕಾರಗಳನ್ನು ಅರ್ಪಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ಇಲ್ಲಿ ತಮ್ಮ ಸ್ಪಂಜೊಂದನ್ನು ಬಿಟ್ಟು ಉಳಿದವರೆಲ್ಲರೂ ಕ್ಷೇಮ. ತಮಗೆ ಈ ಮೊದಲು ಮೂರು ಖಾಸಗಿ ಪತ್ರಗಳನ್ನು ಬರೆದಿದ್ದೇನೆ. ಮೊದಲನೆಯದಕ್ಕೆ ತಾವು ಬೆಲೆಪಟ್ಟಿ ಕಳುಹಿಸಿದಿರಿ, ಎರಡನೆಯದಕ್ಕೆ ಕ್ಯಾಲೆಂಡರ್ ಕಳುಹಿಸಿದಿರಿ, ಮೂರನೆಯದಕ್ಕೆ ಮಾತ್ರ ಉತ್ತರ ಕಳುಹಿಸಿದಿರಿ. ಆ ಉತ್ತರದಿಂದಾದ ಪರಿಣಾಮಗಳು ಖಾಸಗಿ ಪತ್ರದಲ್ಲಿ ಹಿಡಿಸುವಂಥವಲ್ಲವಾದ್ದರಿಂದ ಈ ನಾಲ್ಕನೆಯದನ್ನು ಊರಿನ ನಾಲ್ಕು ಜನ ಓದುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ದೂರು ತಮ್ಮ ಮೇಲೆಯೇ ಎಂದು ಧೈರ್ಯವಾಗಿ ಆರಂಭಿಸಿದ್ದೇನಾದರೂ ಬರೆಯುತ್ತ ಹೋದಂತೆ ಅದು ಯಾರ ಕಡೆಗೆ ತಿರುಗುವುದೋ ಎಂಬ ಅಂಜಿಕೆ ಈಗಲೇ ಇದೆ.

ಮೊದಲು ನಮ್ಮೂರಿನ ವಿಷಯ ಅರಿಕೆ ಮಾಡಿಕೊಳ್ಳಬೇಕು. ಇದು ತೆಂಗಿನಕಾಯಿಯ ಊರು. ಸಂತೆಮಾಳದ ಸುತ್ತ ಕಾಯಿ ಸುಲಿದು ಎಸೆದ ಸಿಪ್ಪೆ ಮನೆಯೆತ್ತರ ಬಿದ್ದಿರುತ್ತದೆ, ಎಮ್ಮೆಗಳು ಅದರ ಮೇಲೆ ಮಲಗಿ ಮೆಲುಕು ಹಾಕುತ್ತವೆ, ಪಾತ್ರೆ ತಿಕ್ಕುವುದಕ್ಕೆ ಒಂದು ಹಿಡಿ ನಾರು ಬೇಕೆಂದವರು ಬಾಗಿಲು ತೆರೆದು ಬಗ್ಗಿದರೆ ಸಾಕು. ಅಂಥ ಊರಿನಲ್ಲಿ ಕುಳಿತು, ಪಾತ್ರೆ ತಿಕ್ಕುವ ಸಾಧನವನ್ನು ಬೊಂಬಾಯಿಯಿಂದ, ಅಂಚೆಯವನ ಕೈಗೆ ಹಣ ತೆತ್ತು ಬಿಡಿಸಿಕೊಳ್ಳುವ ವಿ.ಪಿ.ಪಿ. ಮೂಲಕ ತರಿಸಿಕೊಂಡ ಮೊದಲ ಮನುಷ್ಯ ನಾನು; ಬಹುಶಃ ಕೊನೆಯವನೂ ನಾನೇ. ಪೋಸ್ಟ್‌ಮನ್ ಪುಟ್ಟಸ್ವಾಮಿ ಪೊಟ್ಟಣವನ್ನು ಅಂಗೈ ಮೇಲೆ ತೂಗಿ ನೋಡಿ, "ಮೇಷ್ಟ್ರೇ, ಒಳಗೆ ಏನೂ ಇದ್ದಂಗಿಲ್ಲ, ಬರೀ ಗಾಳಿ ಕಳಿಸವ್ರೆ, ನೋಡ್ಕೊಂಡು ಬಿಡಿಸ್ಕೊಳಿ" ಎಂದು ಎಚ್ಚರಿಸಿದ. ನಾನು ಅವನಿಗೆ ಗಾಳಿ ಮತ್ತು ರಂಧ್ರಗಳ ಬಗ್ಗೆ ಹತ್ತು ನಿಮಿಷ ವಿವರಿಸಿ ಕಳುಹಿಸಿದೆ.

ತರಿಸಿದ ಕಾರಣ ಮಾತ್ರ ನಗುವಂಥದ್ದಲ್ಲ. ನನ್ನ ಹೆಂಡತಿ ಕೋಮಲವಲ್ಲಿಯ ಕೈಬೆರಳುಗಳು ಚಳಿಗಾಲ ಬಂತೆಂದರೆ ಬಿರಿಯುತ್ತವೆ. ನಮ್ಮ ಮನೆಯಲ್ಲಿ ಅಡುಗೆ ಪಾತ್ರೆಗಳನ್ನು ಬೂದಿ ಮತ್ತು ನಾರಿನಿಂದ ತಿಕ್ಕಿ, ಹಿತ್ತಾಳೆಯನ್ನು ಹುಣಸೇಹಣ್ಣಿನಿಂದ ಬೆಳಗಿ, ಬಾವಿಯ ತಣ್ಣೀರಿನಲ್ಲಿ ತೊಳೆಯುವ ಪದ್ಧತಿ. ಬಿರಿದ ಬೆರಳಿಗೆ ಬೂದಿ, ಅದರ ಮೇಲೆ ಹುಣಸೆ. ಕಳೆದ ವರ್ಷ ಬಿರುಕು ಕಾರ್ತಿಕದಲ್ಲಿಯೇ ಕಾಣಿಸಿಕೊಂಡಿತು, ಎದುರಿಗೆ ಧನುರ್ಮಾಸವಿತ್ತು. ಧನುರ್ಮಾಸದಲ್ಲಿ ನಮ್ಮಂಥ ಮನೆಗಳಲ್ಲಿ ಒಂದು ತಿಂಗಳ ಕಾಲ ಪ್ರತಿದಿನ ಸೂರ್ಯ ಹುಟ್ಟುವುದಕ್ಕೆ ಮೊದಲು ಹುಗ್ಗಿ ನೈವೇದ್ಯವಾಗಬೇಕು, ಹುಗ್ಗಿಯ ತಪ್ಪಲೆಯ ತಳ ಪ್ರತಿದಿನ ಹತ್ತಬೇಕು, ಹತ್ತಿದ ತಳವನ್ನು ಯಾರಾದರೂ ಪ್ರತಿದಿನ ತಿಕ್ಕಬೇಕು. ಆ ಹೊತ್ತಿಗೆ ಸರಿಯಾಗಿ ವಾರಪತ್ರಿಕೆಯೊಂದರಲ್ಲಿ ತಮ್ಮ ಜಾಹೀರಾತು ನನ್ನ ಕಣ್ಣಿಗೆ ಬಿತ್ತು. ಗೃಹಿಣಿಯ ಕೈ ಹೂವಾಗಿಯೇ ಉಳಿಯಲಿ ಎಂದು ತಾವು ಹಾರೈಸಿದ್ದಿರಿ. ಕೂಡಲೇ ಆರ್ಡರ್ ಬರೆದು ಹಾಕಿದೆ, ಬರೆದ ಮೇಲೆ ನನ್ನ ಹೆಂಡತಿಯ ಬಗ್ಗೆ ನನಗಿರುವ ಕಾಳಜಿಯನ್ನು ನೆನೆದು ನನಗೇ ತುಸು ಹೆಮ್ಮೆಯಾಯಿತು.

ಆ ಕೆಲಸವನ್ನು ಬೇರೆಯವರು ಮಾಡಬಾರದಿತ್ತೇ ಎಂದು ತಾವು ಕೇಳಬಹುದು. ನಮ್ಮ ತಾಯಿ ಚೆಲುವಾಂಬನವರಿಗೆ ಎಪ್ಪತ್ತೆರಡು, ಬೆನ್ನು ಬಾಗಿದೆ. ಹಿತ್ತಲ ಕೆಲಸಕ್ಕೆ ಬರುವ ಹುಚ್ಚಮ್ಮ ಹಂಡೆ, ಕೊಡ, ಬಕೀಟುಗಳನ್ನು ಕನ್ನಡಿಯಂತೆ ಬೆಳಗುತ್ತಾಳಾದರೂ ಅನ್ನ ಬೆಂದ ಪಾತ್ರೆಯನ್ನು ಅವಳು ಮುಟ್ಟುವಂತಿಲ್ಲ. ಅದು ಮಡಿಯಲ್ಲಿರುವವರ ಕೈಯಲ್ಲಿಯೇ ಆಗಬೇಕು. ಈ ಭೇದವನ್ನು ನಾನು ತರಗತಿಯಲ್ಲಿ ಬಲವಾಗಿ ಖಂಡಿಸುತ್ತೇನೆ, ಮನೆಯಲ್ಲಿ ತಪ್ಪದೆ ಪಾಲಿಸುತ್ತೇನೆ. ಮನೆಯಲ್ಲಿ ಮಡಿಯುಡುವ ಮೂರನೆಯ ವ್ಯಕ್ತಿಯೊಬ್ಬನಿದ್ದಾನೆಂಬುದು ಆಗ ಯಾರ ಗಮನಕ್ಕೂ ಬಂದಿರಲಿಲ್ಲ, ಅವನ ಗಮನಕ್ಕಂತೂ ಬರುವ ಹಾಗೆಯೇ ಇರಲಿಲ್ಲ.

ಇನ್ನು ತಮ್ಮ ಸ್ಪಂಜು. ಅದರ ಗುಣಗಾನಕ್ಕೆ ನನ್ನ ಲೇಖನಿ ಸಾಲದು. ನಸುಹಳದಿ ಬಣ್ಣ, ಒತ್ತಿದರೆ ತಗ್ಗುವ ವಿನಯ, ಬಿಟ್ಟರೆ ಏಳುವ ಸ್ವಾಭಿಮಾನ. ನಮ್ಮ ಶಾಲೆಯಲ್ಲಿ ಇಂಥ ಸ್ವಭಾವದ ಒಬ್ಬ ಸಹೋದ್ಯೋಗಿಯೂ ನನಗೆ ಸಿಕ್ಕಿಲ್ಲ. ಕೋಮಲವಲ್ಲಿ ಮೊದಲ ದಿನ ಅದನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿ, "ಎಷ್ಟು ಮೆತ್ತಗಿದೆ ಕಣ್ರೀ, ಕೈಗೆ ಗೊತ್ತೇ ಆಗಲ್ಲ" ಎಂದಳು. ತಳ ಹತ್ತಿದ ತಪ್ಪಲೆಯ ವಿಷಯದಲ್ಲಿ ಅದು ಸ್ವಲ್ಪ ಸಂಕೋಚ ಪಟ್ಟುಕೊಂಡಿತೆಂಬುದು ನಿಜವಾದರೂ ಲೋಟ, ತಟ್ಟೆ, ಸಾರಿನ ಪಾತ್ರೆಗಳಿಗೆ ಏನೂ ಕಡಿಮೆ ಮಾಡಲಿಲ್ಲ. ಒಂಬತ್ತು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ಅವಳ ತೋರುಬೆರಳಿನ ಬಿರುಕು ಕೂಡಿಕೊಳ್ಳತೊಡಗಿತ್ತು.

ಹತ್ತನೆಯ ದಿನ ನಾನು ಬಾಯಿ ತೆರೆದೆ. ಮಾನ್ಯರೇ, ಪಾಠ ಹೇಳುವವನಿಗೆ ಊಟದ ಹೊತ್ತಿನಲ್ಲಿಯೂ ಕೇಳುವವರು ಬೇಕು. ಅಂದು ಏಳನೆಯ ತರಗತಿಗೆ ಸಮುದ್ರಜೀವಿಗಳ ಪಾಠ ಮಾಡಿ ಬಂದಿದ್ದೆ. ಪಠ್ಯಪುಸ್ತಕದಲ್ಲಿ ಸ್ಪಂಜಿನ ಚಿತ್ರವಿತ್ತು, ತಮ್ಮ ಪೊಟ್ಟಣದ ಮೇಲೆ ಅಲೆಗಳೂ ಶಂಖವೂ ಎರಡು ಮೀನುಗಳೂ ಇದ್ದವು, ಎರಡನ್ನೂ ಕೂಡಿಸಲು ನನ್ನಂಥ ಬುದ್ಧಿವಂತನಿಗೆ ಎಷ್ಟು ಹೊತ್ತು? ಎಲೆಯ ಮುಂದೆ ಕುಳಿತಿದ್ದ ಅಮ್ಮನಿಗೆ, ತಮ್ಮ ಮಗ ಎಂಥ ಅಪರೂಪದ ವಸ್ತುವನ್ನು ಮನೆಗೆ ತರಿಸಿದ್ದಾನೆಂದು ತಿಳಿಯಲಿ ಎಂಬ ಒಂದೇ ಉದ್ದೇಶದಿಂದ, ಸ್ಪಂಜೆಂಬುದು ಗಿಡವಲ್ಲ, ಸಮುದ್ರದ ತಳದ ಬಂಡೆಗೆ ಅಂಟಿಕೊಂಡು ಬೆಳೆಯುವ ಒಂದು ಪ್ರಾಣಿ ಎಂದು ವಿವರಿಸಿದೆ. ಅಮ್ಮ ಕಲಸುತ್ತಿದ್ದ ಕೈ ನಿಲ್ಲಿಸಿ, "ಪ್ರಾಣಿ ಅಂದ್ರೆ, ಜೀವ ಇದ್ದದ್ದೇ?" ಎಂದು ಮೆಲ್ಲಗೆ ಕೇಳಿದರು. ನಾನು ಸಮಾಧಾನಪಡಿಸುವ ಧ್ವನಿಯಲ್ಲಿ, ಈಗ ಜೀವವೇನೂ ಇಲ್ಲವೆಂದೂ ನಮ್ಮ ಮನೆಗೆ ಬಂದಿರುವುದು ಅದರ ಅಸ್ಥಿಪಂಜರ ಮಾತ್ರವೆಂದೂ ಹೇಳಿದೆ.

ಅಮ್ಮ ಎಲೆ ಬಿಟ್ಟು ಎದ್ದರು. ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಒಂಬತ್ತು ದಿನ, ಅದೂ ಧನುರ್ಮಾಸದಲ್ಲಿ, ಪ್ರಾಣಿಯ ಎಲುಬಿನಿಂದ ಉಜ್ಜಿದ ತಪ್ಪಲೆಯಲ್ಲಿ ಸ್ವಾಮಿಗೆ ಹುಗ್ಗಿ ಬೆಂದಿತ್ತು. ಮನೆಯ ಪಾತ್ರೆಗಳೆಲ್ಲ ಹಿತ್ತಲಿಗೆ ಬಂದವು, ಕೆಂಡದ ಮೇಲೆ ಕಾದವು, ಹುಣಸೇಹಣ್ಣಿನಲ್ಲಿ ಮೂರು ಸಲ ಬೆಳಗಿಸಿಕೊಂಡವು. ಕಾಯಿಸಿದರೆ ಕರಗಿಹೋಗುವ ಈಯದ ಸಾರಿನ ಪಾತ್ರೆಯ ಬಗ್ಗೆ ಮಾತ್ರ ಪಂಚಾಂಗದವರನ್ನು ಕೇಳಿ ಬರಬೇಕಾಯಿತು. ತಮ್ಮ ಸ್ಪಂಜನ್ನು ಇಕ್ಕಳದಲ್ಲಿ ಹಿಡಿದು ಕೊಂಡೊಯ್ದು ಹಿತ್ತಲ ಗೋಡೆಯ ಮೇಲೆ ಒಂದು ಕರಟದಲ್ಲಿ ಇಟ್ಟೆವು. ಅಮ್ಮ ಮೂರು ದಿನ ಬಾಳೆಹಣ್ಣು ಮತ್ತು ಎಳನೀರಿನಲ್ಲಿ ಕಳೆದರು. ಆ ಅಷ್ಟೂ ಪಾತ್ರೆಗಳನ್ನು ಹುಣಸೇಹಣ್ಣಿನಲ್ಲಿ ಮೂರು ಸಲ ಬೆಳಗಿದವಳು ಕೋಮಲವಲ್ಲಿ. ಕೂಡುತ್ತಿದ್ದ ಬಿರುಕು ಅಂದು ಸಂಜೆಗೆ ಮತ್ತೆ ಬಾಯಿ ಬಿಟ್ಟಿತು, ನಾನು ಅದನ್ನು ನೋಡಲಿಲ್ಲ, ಏಕೆಂದರೆ ನಾನು ಜಗಲಿಯ ಮೇಲೆ ಕುಳಿತು ತಮಗೆ ಮೊದಲನೆಯ ಪತ್ರ ಬರೆಯುತ್ತಿದ್ದೆ.

ಆ ಪತ್ರದಲ್ಲಿಯೂ ಅದರ ಮುಂದಿನದರಲ್ಲಿಯೂ ನಾನು ಕೇಳಿದ್ದು ಅತಿಯಾಗಿರಲಿಲ್ಲ. ತಮ್ಮ ಸ್ಪಂಜಿನ ಜನ್ಮಸ್ಥಳ, ಕುಲ, ಗೋತ್ರಗಳನ್ನು ತಿಳಿಸುವ ಒಂದು ಪ್ರಮಾಣಪತ್ರ. ಅದು ಯಾವ ಕಾಲಕ್ಕೂ ಉಸಿರಾಡಿರಲಿಲ್ಲವೆಂದು ಗೆಜೆಟೆಡ್ ಅಧಿಕಾರಿಯ ರುಜು. ಸಾಧ್ಯವಾದರೆ ಆಚಾರವಂತರಾದ ಒಬ್ಬ ಪ್ರತಿನಿಧಿ ಮಡಿಯುಟ್ಟು ಬಂದು ನಮ್ಮ ತಾಯಿಯ ಮುಂದೆ ತುಳಸಿ ಹಿಡಿದು ಹೇಳುವ ಎರಡು ಮಾತು. ತಮ್ಮ ಬೆಲೆಪಟ್ಟಿಯಿಂದ ಡಜನ್ ಲೆಕ್ಕದಲ್ಲಿ ಕೊಂಡರೆ ರಿಯಾಯಿತಿಯುಂಟೆಂದು ತಿಳಿದು ಸಂತೋಷವಾಯಿತು. ಕ್ಯಾಲೆಂಡರಿನಲ್ಲಿ ಏಕಾದಶಿಗಳನ್ನು ಗುರುತಿಸಿಲ್ಲವಾದರೂ ಚಿತ್ರ ಚೆನ್ನಾಗಿದೆ.

ಜನವರಿಯ ಕೊನೆಗೆ ತಮ್ಮ ಮೂರನೆಯ ಪತ್ರ ಬಂತು. ಸಮುದ್ರದ ಸ್ಪಂಜಿಗೂ ತಮ್ಮ ಸ್ಪಂಜಿಗೂ ಯಾವ ಸಂಬಂಧವೂ ಇಲ್ಲವೆಂದೂ, ತಮ್ಮದು ಮರದ ತಿರುಳಿನಿಂದ ಯಂತ್ರದಲ್ಲಿ ತಯಾರಾದುದೆಂದೂ, ಈ ಸಂಗತಿ ಸಾಮಾನ್ಯ ಜ್ಞಾನವುಳ್ಳ ಎಲ್ಲರಿಗೂ ತಿಳಿದಿರುವುದರಿಂದ ಪೊಟ್ಟಣದ ಮೇಲೆ ಅಚ್ಚು ಹಾಕಿಸಿಲ್ಲವೆಂದೂ ಬರೆದಿದ್ದಿರಿ. ಹದಿನಾರು ವರ್ಷ ಸಾಮಾನ್ಯ ವಿಜ್ಞಾನ ಹೇಳಿದವನಿಗೆ ಆ ವಾಕ್ಯ ಎಲ್ಲಿ ತಗಲಿತೆಂದು ತಾವೇ ಊಹಿಸಿಕೊಳ್ಳಿ. ಆದರೂ ಅವಮಾನವನ್ನು ನುಂಗಿಕೊಂಡು, ಪತ್ರವನ್ನು ಕನ್ನಡಕ್ಕೆ ತಿರುಗಿಸಿ, ಅಮ್ಮನ ಮುಂದೆ ನಿಂತು ಓದಿದೆ. ಪ್ರಾಣಿಯೆಂದು ಹೇಳಿದವನೂ ನಾನೇ, ಮರವೆಂದು ಹೇಳುತ್ತಿರುವವನೂ ನಾನೇ ಆದ್ದರಿಂದ ಓದುವ ಧ್ವನಿ ಸ್ವಲ್ಪ ತಗ್ಗಿತ್ತು.

ಅಮ್ಮ ಪೂರ್ತಿ ಕೇಳಿಸಿಕೊಂಡು, "ಸರಿ, ಅದನ್ನ ತಗೊಂಡು ಬಾ, ನೀರಲ್ಲಿ ನೆನೆಸು, ಹಿಂಡು" ಎಂದರು. ಒಂದು ತಿಂಗಳಿಂದ ಒಣಗಿ ರೊಟ್ಟಿಯಂತಾಗಿದ್ದ ಸ್ಪಂಜು ನೀರು ಕುಡಿದು ಮತ್ತೆ ಉಬ್ಬಿತು. ಹಿಂಡಿದೆ. ಬೂದುಬಣ್ಣದ ನೀರು ಇಳಿಯಿತು, ಅದರ ಜೊತೆಗೆ ಒಂಬತ್ತು ದಿನದ ಹುಳಿ, ಸಾರು, ಮಜ್ಜಿಗೆಯ ಹಳಸಿದ ವಾಸನೆ ಹಿತ್ತಲು ತುಂಬ ಹಬ್ಬಿತು. "ನಾರಾದ್ರೆ ತಿಕ್ಕಿದ ಮೇಲೆ ಎಸೀತೀವಿ. ನಿನ್ನೆಯ ಮುಸುರೆ ನಿನ್ನೆಗೇ ಹೋಯ್ತು. ಇದು ಎಲ್ಲಾನೂ ಹೊಟ್ಟೇಲಿ ಇಟ್ಕೊಂಡು ಕೂತಿದೆ. ಪ್ರಾಣಿ ಆದ್ರೇನು, ಮರ ಆದ್ರೇನು, ನಿನ್ನೆಯ ಮುಸುರೆಯಲ್ಲಿ ಇವತ್ತಿನ ಪಾತ್ರೆ ಉಜ್ಜೋದು ಹೇಗೋ ವರದ?" ಎಂದರು. ಕೊಳೆತ ಪದಾರ್ಥದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದನ್ನು ಬಣ್ಣದ ಪಟದ ಸಹಾಯದಿಂದ ಪ್ರತಿವರ್ಷ ಬೋಧಿಸುವವನು ನಾನು. ಶಾಲೆಯ ಮೆಟ್ಟಿಲು ಹತ್ತದ ನಮ್ಮ ತಾಯಿ ಆ ಪಾಠವನ್ನು ಒಂದು ಹಿಂಡಿಗೆ ಮುಗಿಸಿದ್ದರು.

ಸೋತ ವಿಜ್ಞಾನಿ ಏನು ಮಾಡುತ್ತಾನೆ? ಪ್ರಯೋಗ ಮಾಡುತ್ತಾನೆ. ಸ್ಪಂಜಿಗೆ ಬದಲಾಗಿ ಯಾವುದು ಯೋಗ್ಯವೆಂಬುದನ್ನು ಶಾಸ್ತ್ರೀಯವಾಗಿ ನಿರ್ಧರಿಸಬೇಕೆಂದು ಐದು ದಿನಕ್ಕೆ ಐದು ಸಾಧನಗಳನ್ನು ಗೊತ್ತುಮಾಡಿದೆ: ತೆಂಗಿನ ನಾರು ಮತ್ತು ಬೂದಿ, ಭತ್ತದ ಹುಲ್ಲಿನ ಉಂಡೆ ಮತ್ತು ಇಟ್ಟಿಗೆಪುಡಿ, ಗೋಣಿಚೀಲದ ತುಂಡು, ಹಿಂಡಿದ ಹುಣಸೆಯ ಚರಟ ಮತ್ತು ಉಪ್ಪು, ಕಡೆಯದಾಗಿ ಒಣಗಿದ ಹೀರೇಕಾಯಿಯ ನಾರು ಮತ್ತು ಸೀಗೆಪುಡಿ. ಹೀರೇಕಾಯಿಯನ್ನು ಹಳೇಬೀಡಿನಲ್ಲಿರುವ ನನ್ನ ನಾದಿನಿ ಗೋದಾ ಬಸ್ಸಿನಲ್ಲಿ ಕಳುಹಿಸಿದ್ದಳು. ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದು, ಹಿಡಿದ ಸಮಯ, ಬಂದ ಹೊಳಪು, ಖರ್ಚಾದ ನೀರು ಎಂದು ತಲೆಬರಹ ಕೊಟ್ಟು, ಹೆಡ್‌ಮಾಸ್ಟರ್ ರೇವಣಸಿದ್ದಪ್ಪನವರಿಂದ ಗಡಿಯಾರ ಎರವಲು ತಂದು, ಬಾವಿಕಟ್ಟೆಯ ಮೇಲೆ ಶಾಲು ಹೊದ್ದು ಕುಳಿತೆ. ತಿಕ್ಕುವ ಕೆಲಸ ಎಂದಿನಂತೆ ಕೋಮಲವಲ್ಲಿಯದು. ಇದು ನನಗೆ ಆಗ ಸ್ವಲ್ಪವೂ ವಿಚಿತ್ರವಾಗಿ ಕಾಣಲಿಲ್ಲ ಎಂಬುದನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ನನ್ನ ಸಂಶೋಧನೆ ಭರದಿಂದ ಸಾಗಿತು. ಇಟ್ಟಿಗೆಪುಡಿ ಪಾತ್ರೆಯ ಮಸಿಯ ಜೊತೆಗೆ ಕಲಾಯಿಯನ್ನೂ ಎಬ್ಬಿಸಿತು. ಗೋಣಿ ತನ್ನ ಎಳೆಗಳನ್ನು ಲೋಟದಲ್ಲಿ ಬಿಟ್ಟು ಹೋಯಿತು. ಹುಣಸೆಯ ಚರಟಕ್ಕೆ ಹಿತ್ತಾಳೆ ಚಿನ್ನವಾಯಿತು; ಆ ದಿನ ಕೋಮಲವಲ್ಲಿ ಎರಡು ಸಲ ಕೈ ನಿಲ್ಲಿಸಿದ್ದರಿಂದ ಸಮಯದ ಕಾಲಮ್ಮಿನಲ್ಲಿ ಮೂರು ನಿಮಿಷ ಕಳೆದು ಬರೆದುಕೊಂಡೆ. ಐದನೆಯ ದಿನ ಬೆಳ್ಳಗಿದ್ದ ಹೀರೇಕಾಯಿ ನಾರಿನ ಮೇಲೆ ಕೆಂಪು ಚುಕ್ಕೆಗಳು ಕಂಡವು. ನಾನು ಪೆನ್ಸಿಲ್ ಎತ್ತಿ, ಈ ನಾರು ಬಣ್ಣ ಬಿಡುವಂತಿದೆ, ಬರೆದುಕೊಳ್ಳಬೇಕು ಎಂದೆ. ಅವಳು ತಲೆಯೆತ್ತದೆ, "ಅದು ನಾರಿನ ಬಣ್ಣ ಅಲ್ಲ ಕಣ್ರೀ" ಎಂದಳು.

ಅವಳ ಕೈಯನ್ನು ಹಿಡಿದು ತಿರುಗಿಸಿ ನೋಡಿದೆ. ಹೆಬ್ಬೆರಳು ಉಗುರಿನ ಬುಡದವರೆಗೆ ಸೀಳಿ, ಬಾತು, ಒಳಗೆ ಬೂದಿ ಕೂತಿತ್ತು. ಮದುವೆಯಾಗಿ ಹನ್ನೊಂದು ವರ್ಷ ಆ ಕೈ ಬಡಿಸಿದ್ದನ್ನು ಉಂಡಿದ್ದೇನೆ, ಆ ಕೈಗಾಗಿ ಬೊಂಬಾಯಿಗೆ ಮೂರು ಪತ್ರ ಬರೆದಿದ್ದೇನೆ, ಕೈಯನ್ನು ನೋಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಗಾಯ ತೊಳೆದು ಕಟ್ಟಿ, ಎರಡು ತಿಂಗಳು ಬೂದಿ, ಹುಣಸೆ, ಮುಸುರೆ ನೀರು ಯಾವುದನ್ನೂ ಮುಟ್ಟಕೂಡದು, ಮುಟ್ಟಿದರೆ ಆ ಬೆರಳಿನ ತುದಿ ಉಳಿಯುವ ಭರವಸೆ ತಾನು ಕೊಡಲಾರೆನೆಂದು ಹೇಳಿದರು.

ಮನೆಗೆ ಬಂದು ಸಭೆ ಸೇರಿದೆವು. ಹುಚ್ಚಮ್ಮನಿಗೆ ಒಪ್ಪಿಸೋಣವೆಂದು ನಾನು ಗಂಟಲು ಸರಿಮಾಡಿಕೊಂಡೆ, ಅಮ್ಮನ ಮುಖ ನೋಡಿ ಮತ್ತೆ ಸರಿಮಾಡಿಕೊಂಡೆ. ಗೋದಾಳನ್ನು ಕರೆಸೋಣವೆಂದರೆ ಅವಳಿಗೂ ಒಂದು ಸಂಸಾರವಿದೆ. ಕಡೆಗೆ ನಾನು ರಬ್ಬರಿನ ಕೈಗವಸು ತಯಾರಿಸುವ ಕಂಪನಿಯೊಂದಕ್ಕೆ ಪತ್ರ ಬರೆಯುತ್ತೇನೆಂದು ಸೂಚಿಸಿದೆ. ಅಮ್ಮ ನನ್ನ ಕಡೆಗೆ ತಿರುಗಿದರು. ನಮ್ಮ ತಂದೆ ಪಾರ್ಥಸಾರಥಿಯವರು ಮಾಲೇಕಲ್ಲು ತಿರುಪತಿಯ ಬೆಟ್ಟದ ಮೇಲೆ ಸ್ವಾಮಿಯ ಅಡುಗೆಮನೆಯಲ್ಲಿ ಪರಿಚಾರಕರಾಗಿದ್ದವರು. "ನಿಮ್ಮಪ್ಪ ಮೂವತ್ತೊಂದು ವರ್ಷ ಬೆಟ್ಟದ ಮೇಲೆ ಹುಗ್ಗಿ ತಪ್ಪಲೆ ತಿಕ್ಕಿದರು. ಕೈಂಕರ್ಯ ಅಂತ ಜನ ಅವರಿಗೆ ಕೈ ಮುಗೀತಿದ್ರು. ಗಂಡಸು ಬೆಟ್ಟದ ಮೇಲೆ ತಿಕ್ಕಿದರೆ ಕೈಂಕರ್ಯ, ಹಿತ್ತಲಲ್ಲಿ ತಿಕ್ಕಿದರೆ ಮರ್ಯಾದೆ ಹೋಗುತ್ತೇನೋ? ನೀನೂ ಮಡಿ ಉಡ್ತೀಯಲ್ಲ" ಎಂದರು.

ಹೀಗೆ, ಮಾನ್ಯರೇ, ನಮ್ಮ ಅಡುಗೆಮನೆಯಲ್ಲಿ ತಮ್ಮ ಸ್ಪಂಜಿಗೆ ಬದಲಾಗಿ ಸರ್ವಾನುಮತದಿಂದ ಆಯ್ಕೆಯಾದ ಸಾಧನವೇ ತಮಗೆ ಈ ಪತ್ರ ಬರೆಯುತ್ತಿರುವುದು. ಮೊದಲ ವಾರ ಹಿತ್ತಲ ಬಾಗಿಲಿಗೆ ಅಗಳಿ ಹಾಕಿಕೊಂಡು ತಿಕ್ಕಿದೆ. ಗೋಡೆಗೆ ಅಗಳಿಯಿಲ್ಲ, ಮೂರನೆಯ ದಿನ ಹುಚ್ಚಮ್ಮ ಅದರಾಚೆಯಿಂದ ಇಣುಕಿ ನೋಡಿ, "ಅಯ್ಯೋ ಸ್ವಾಮಿ, ತಳ ಅಂಗೇ ಐತೆ. ಕೈನಾಗೆ ತಿಕ್ಕಬೇಕು, ಕಣ್ಣಾಗಲ್ಲ" ಎಂದು ನನ್ನ ವೃತ್ತಿಜೀವನದ ಬಗ್ಗೆ ಇದುವರೆಗೆ ಬಂದಿರುವ ಅತ್ಯಂತ ನಿಖರವಾದ ಇನ್‌ಸ್ಪೆಕ್ಷನ್ ವರದಿಯನ್ನು ಕೊಟ್ಟಳು. ಶಾಲೆಯಲ್ಲಿ ಹೆಡ್‌ಮಾಸ್ಟರ್ ರೇವಣಸಿದ್ದಪ್ಪನವರು ನನ್ನ ಉಗುರುಗಳನ್ನು ನೋಡಿ, "ಏನ್ರೀ ಮೇಷ್ಟ್ರೇ, ಪ್ರಯೋಗ ಇನ್ನೂ ನಡೀತಾ ಇದೆಯೋ?" ಎಂದು ಕೇಳಿದಾಗ ಹೌದೆಂದೆ. ಅದು ಸುಳ್ಳು. ಅವರು ಇದನ್ನು ಓದುತ್ತಾರೆಂಬ ನಂಬಿಕೆಯಿಂದ ಇಲ್ಲಿಯೇ ತಿದ್ದಿಕೊಳ್ಳುತ್ತೇನೆ.

ಕಾಲಂ ಎಳೆಯದೆಯೇ ಎರಡು ತಿಂಗಳಲ್ಲಿ ಕಲಿತದ್ದನ್ನು ತಮ್ಮ ಕಾರ್ಖಾನೆಯ ಉಪಯೋಗಕ್ಕೆಂದು ನಿವೇದಿಸುತ್ತೇನೆ. ತಳ ಹತ್ತಿದ ಪಾತ್ರೆಗೆ ಮೊದಲು ಬಿಸಿನೀರು ಹೊಯ್ದು ಅರ್ಧ ಗಂಟೆ ಬಿಡಬೇಕು. ಮನುಷ್ಯನ ಅವಸರವನ್ನು ಯಾವ ನಾರೂ ತಿಕ್ಕಿ ತೆಗೆಯಲಾರದು. ಮಸಿಗೆ ತೆಂಗಿನ ನಾರನ್ನು ಚೆನ್ನಾಗಿ ಬಡಿದು, ತೊಗಟೆಯ ಚೂರು ಉದುರಿಸಿ ಉಪಯೋಗಿಸಬೇಕು, ಇಲ್ಲವಾದರೆ ಬೆರಳಿಗೆ ಸಿಬಿರು ಹೋಗುತ್ತದೆ. ಬೂದಿಯನ್ನು ಜರಡಿ ಹಿಡಿಯಬೇಕು. ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಬೂದಿಯನ್ನು ಜರಡಿ ಹಿಡಿದಿರಲಿಲ್ಲ, ಏಕೆಂದರೆ ಜರಡಿಯನ್ನು ಶಾಲೆಯಲ್ಲಿ ಮಣ್ಣಿನ ಪಾಠಕ್ಕೆಂದು ನಾನು ಒಯ್ದಿಟ್ಟುಕೊಂಡಿದ್ದೆ. ಲೋಟ, ತಟ್ಟೆ, ಎಣ್ಣೆಯ ಬಾಣಲೆಗಳಿಗೆ ಹೀರೇಕಾಯಿ ನಾರು ಮತ್ತು ಸೀಗೆಪುಡಿಯಷ್ಟು ಹಿತವಾದದ್ದು ಬೇರೊಂದಿಲ್ಲ. ಬಿಸಿಲಿಗೆ ಹಾಕಿದರೆ ಒಂದು ಗಳಿಗೆಯಲ್ಲಿ ಒಣಗುತ್ತದೆ, ನಾಲ್ಕು ದಿನಕ್ಕೆ ಎಸೆದರೆ ಹಿತ್ತಲ ಗೊಬ್ಬರಕ್ಕಾಗುತ್ತದೆ. ಈ ಬೇಸಿಗೆ ಮುಗಿದ ಮೇಲೆ ಬಾವಿಯ ಪಕ್ಕದಲ್ಲಿ ಹೀರೆ ಬೀಜ ಹಾಕುವುದೆಂದು ನಿಶ್ಚಯಿಸಿದ್ದೇನೆ.

ಇನ್ನು ನನ್ನ ಕೋರಿಕೆಗಳು. ಪೊಟ್ಟಣದ ಮೇಲೆ ಒಳಗಿನ ವಸ್ತು ಕಡಲಿನದೋ, ಕಾಡಿನದೋ, ಕಾರ್ಖಾನೆಯದೋ ಎಂದು ಕನ್ನಡದಲ್ಲಿ ಎರಡು ಪದ ಅಚ್ಚು ಹಾಕಿಸಬೇಕು, ಸಾಮಾನ್ಯ ಜ್ಞಾನವಿಲ್ಲದ ಉಪಾಧ್ಯಾಯರಿಗೆ ಅದರಿಂದ ಉಪಕಾರವಾಗುತ್ತದೆ. ತಮ್ಮ ತಜ್ಞರು ಮನಸ್ಸು ಮಾಡಿ, ನಿನ್ನೆ ಉಜ್ಜಿದ್ದನ್ನು ಇಂದು ಪೂರ್ತಿಯಾಗಿ ಮರೆತುಬಿಡುವ ಸ್ಪಂಜೊಂದನ್ನು ತಯಾರಿಸಿದರೆ ಅದರ ಮೊದಲ ಗಿರಾಕಿ ನಮ್ಮ ತಾಯಿ. ಕಡೆಯದಾಗಿ, ಶಂಖದಲ್ಲಿ ಕುಳಿತ ಬಾಲಿಕೆಗೆ ಇಷ್ಟು ದಿನದ ಸೇವೆಗಾಗಿ ವಿಶ್ರಾಂತಿ ಕೊಟ್ಟು, ಅವಳ ಜಾಗದಲ್ಲಿ ನಲವತ್ತೊಂದು ವರ್ಷ ವಯಸ್ಸಿನ, ಕನ್ನಡಕ ಹಾಕಿದ, ಮಡಿಪಂಚೆಯನ್ನು ಮೊಣಕಾಲ ಮೇಲೆ ಕಟ್ಟಿ ಬಾವಿಕಟ್ಟೆಯಲ್ಲಿ ಕುಕ್ಕರಗಾಲಲ್ಲಿ ಕುಳಿತ ಪುರುಷನ ಚಿತ್ರವನ್ನು ಮುದ್ರಿಸಬೇಕೆಂದು ಪ್ರಾರ್ಥಿಸುತ್ತೇನೆ. ನಗುಮುಖ ಕಡ್ಡಾಯವೆಂದಾದರೆ ಕಲಾವಿದರೇ ಅದನ್ನು ಒದಗಿಸಿಕೊಳ್ಳಬೇಕು.

ಪತ್ರವನ್ನು ಇಲ್ಲಿಗೆ ಮುಗಿಸಿದ್ದರೆ ನನ್ನ ಘನತೆ ಉಳಿಯುತ್ತಿತ್ತು. ಆದರೆ ಕಳೆದ ವಾರ ಡಾಕ್ಟರು ಹೇಳಿದ ಎರಡು ತಿಂಗಳು ಮುಗಿದವು. ನಾನು ಅದನ್ನು ಬೆರಳೆಣಿಸಿ ಕಾಯುತ್ತಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ. ಬೆರಳು ವಾಸಿಯಾಗಿದೆ, ತುದಿ ಉಳಿದಿದೆ. ಆ ದಿನ ಬೆಳಿಗ್ಗೆ ಕೋಮಲವಲ್ಲಿ ತಾನೇ ಬಾವಿಕಟ್ಟೆಗೆ ಬಂದು, "ಏಳಿ, ಇನ್ನು ನಾನು ನೋಡ್ಕೋತೀನಿ" ಎಂದಳು. ನಾನು ಎದ್ದೆ. ಎದ್ದ ವೇಗ ಸ್ವಲ್ಪ ಹೆಚ್ಚಾಯಿತು, ಅವಳು ಅದನ್ನು ಗಮನಿಸಿದಳೆಂದು ಕಾಣುತ್ತದೆ. ಕಾಲು ತೊಳೆದುಕೊಂಡು ಹೊಸ್ತಿಲವರೆಗೆ ಹೋದವನು ಸುಮ್ಮನೆ ಒಮ್ಮೆ ತಿರುಗಿ ನೋಡಿದೆ. ಹೊಸ ಚರ್ಮ ಬಂದ ಬೆರಳುಗಳನ್ನು ಬೂದಿಯ ಮೇಲೆ ಹಿಡಿದು, ಅದ್ದುವುದಕ್ಕೆ ಮೊದಲು, ಅವಳು ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಹನ್ನೊಂದು ಚಳಿಗಾಲ ಅವಳು ಪ್ರತಿದಿನ ಹಾಗೆ ಕಣ್ಣು ಮುಚ್ಚಿಕೊಂಡೇ ಕೈ ಹಾಕಿರಬೇಕು, ಆ ಹೊತ್ತಿನಲ್ಲಿ ನಾನು ಒಳಗೆ ಕಾಫಿ ಕುಡಿಯುತ್ತ ಪತ್ರಿಕೆ ಓದುತ್ತಿದ್ದೆ. ನನ್ನ ಕಾಲು ಹೊಸ್ತಿಲು ದಾಟಲಿಲ್ಲ. ಹಿಂತಿರುಗಿ ಬಂದು ಅವಳ ಎದುರಿಗೆ ಕುಳಿತೆ. ಅವಳು ಹುಗ್ಗಿಯ ದೊಡ್ಡ ತಪ್ಪಲೆಯನ್ನು ನನ್ನ ಕಡೆಗೆ ಸರಿಸಿದಳು.

ತಮ್ಮ ಕಾರ್ಖಾನೆಯ ಏಳಿಗೆಯನ್ನೂ, ತಮ್ಮ ಮನೆಯ ಪಾತ್ರೆಗಳ ಶುಭ್ರತೆಯನ್ನೂ, ಅವುಗಳನ್ನು ಶುಭ್ರಗೊಳಿಸುವವರು ಯಾರೇ ಆಗಿರಲಿ ಅವರ ಕೈಗಳ ಆರೋಗ್ಯವನ್ನೂ ಮನಸಾರೆ ಹಾರೈಸುವ,

ತಮ್ಮ ವಿಶ್ವಾಸಿ,
ಹಾರನಹಳ್ಳಿ ಪಾ. ವರದರಾಜ
ಸಹಾಯೋಪಾಧ್ಯಾಯ (ಸಾಮಾನ್ಯ ವಿಜ್ಞಾನ)

ವಿ.ಸೂ.: ಈ ಪತ್ರದ ವಿಚಾರಣೆಗೆ ತಾವೇ ಖುದ್ದಾಗಿ ದಯಮಾಡಿಸುವುದಾದರೆ ಶನಿವಾರ ಬನ್ನಿ. ಶನಿವಾರ ನಮ್ಮಲ್ಲಿ ಸಿಹಿಹುಗ್ಗಿ. ಊಟಕ್ಕೆ ಯಾವ ಕೊರತೆಯೂ ಆಗದಂತೆ ನಮ್ಮ ತಾಯಿ ನೋಡಿಕೊಳ್ಳುತ್ತಾರೆ. ಊಟವಾದ ಮೇಲೆ ತಮಗೆಂದು ಒಂದು ಮಡಿಪಂಚೆ, ಒಂದು ಹೊಸ ಸಾಗರಬಾಲಾ ಸ್ಪಂಜು ಮತ್ತು ನೆನೆಹಾಕದೆ ಇಟ್ಟ ತಪ್ಪಲೆ ಹಿತ್ತಲಿನಲ್ಲಿ ಸಿದ್ಧವಾಗಿರುತ್ತವೆ. ಬೊಂಬಾಯಿಗೆ ಹೋಗುವ ತಮ್ಮ ರೈಲನ್ನು ಭಾನುವಾರಕ್ಕೆ ಕಾದಿರಿಸಿಕೊಂಡು ಬರುವುದು ಕ್ಷೇಮ.